ಪುಟ್ಟ ಕಾರುಗಳ ಹವ್ಯಾಸ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ನಮ್ಮವರಲ್ಲಿ ಈ ಹವ್ಯಾಸದವರು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಹೋಟೆಲ್ ನಡೆಸುವವರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಲೇಜು ಹುಡುಗರಿದ್ದಾರೆ, ರಿಟೈರ್ ಆದ ಮೇಲೆ ಕೈಗೆ ಕೆಲಸ ಬೇಕು ಅಂತ ಶುರು ಮಾಡಿದವರೂ ಇದ್ದಾರೆ. ಮಾಟುಂಗಾದಲ್ಲಿ ಸಿಗಲಿ, ಡೊಂಬಿವಿಲಿಯಲ್ಲಿ ಸಿಗಲಿ, ಹೊಸಬರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡೋಣ ಅನಿಸಿತು.

ನನ್ನ ಒಲವು ಯಾವ ಕಡೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಫೆರಾರಿ, ಲ್ಯಾಂಬೊರ್ಗಿನಿ ಚೆಂದವೇ, ಎರಡು ಮಾತಿಲ್ಲ. ಆದರೆ ನಾವು ಕೂತು ಓಡಾಡಿದ ಕಾರು, ನಮ್ಮ ಗಲ್ಲಿಯಲ್ಲಿ ನಿಂತಿರುತ್ತಿದ್ದ ಕಾರು ಪುಟ್ಟದಾಗಿ ಅಂಗೈ ಮೇಲೆ ಬಂದಾಗ ಆಗುವ ಖುಷಿಯೇ ಬೇರೆ. ಫೆರಾರಿಯನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ನಮ್ಮ ಬೀದಿಯ ಕಾರನ್ನು ನಾವೇ ಮಾಡಬೇಕು.

ಡೈಕಾಸ್ಟ್, ಕಿಟ್, ರೆಸಿನ್ ಅಂತೆಲ್ಲ ಹೇಳ್ತಾರಲ್ಲ, ಏನು ವ್ಯತ್ಯಾಸ?

ಡೈಕಾಸ್ಟ್ ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಒತ್ತಡದಿಂದ ತುಂಬಿಸಿ ಮಾಡಿದ್ದು. ಲೋಹ ಸಾಮಾನ್ಯವಾಗಿ ಜಮಾಕ್: ಸತುವೇ ಮುಖ್ಯ, ಜೊತೆಗೆ ಅಲ್ಯೂಮಿನಿಯಂ, ಸ್ವಲ್ಪ ಮೆಗ್ನೀಸಿಯಂ, ತಾಮ್ರ. ಬಣ್ಣ ಬಳಿದು, ಜೋಡಿಸಿ, ಡಬ್ಬಿಯಲ್ಲಿ ಹಾಕಿಯೇ ಬರುತ್ತದೆ. ಹಾಟ್ ವೀಲ್ಸ್‌ನಿಂದ ಹಿಡಿದು ದುಬಾರಿ ಸಂಗ್ರಹದ ಕಾರುಗಳವರೆಗೆ ಈ ಜಾತಿಯಲ್ಲಿ ನೂರೆಂಟು ಬಗೆ.

ಕಿಟ್ ಅಂದರೆ ಬಿಡಿ ಭಾಗಗಳು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯುವುದೆಲ್ಲ ನಿಮ್ಮದೇ ಕೆಲಸ. ಜಪಾನಿನ ಟಮಿಯಾ, ಹಸೆಗಾವಾ, ಫುಜಿಮಿ, ಅಓಶಿಮಾ, ಯುರೋಪಿನ ರೆವೆಲ್, ಇಟಾಲೆರಿ – ಇವು ಗೊತ್ತಿರಬೇಕಾದ ಹೆಸರುಗಳು.

ರೆಸಿನ್ ಅಂದರೆ ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿದ ರಾಳ. ಈ ಮಾಡೆಲ್ ಕೂಡ ತಯಾರಾಗಿಯೇ ಬರುತ್ತದೆ. ಅಂಚುಗಳು ತುಂಬಾ ಚೂಪಾಗಿರುತ್ತವೆ, ಆದರೆ ಸಾಮಾನ್ಯವಾಗಿ ಬಾಗಿಲು, ಬಾನೆಟ್ ತೆರೆಯುವುದಿಲ್ಲ. ಕೆಳಗೆ ಬಿದ್ದರೆ ಒಡೆಯುತ್ತದೆ. ಬಾಗಿಲು ತೆರೆದು ನೋಡುವ ಆಸೆ ಇದ್ದರೆ ಡೈಕಾಸ್ಟ್ ತಗೊಳ್ಳಿ.

1:18, 1:43, 1:64 – ಈ ಲೆಕ್ಕ ಹೇಗೆ? ನಾನು ಯಾವುದು ಆರಿಸಲಿ?

ನಿಜವಾದ ಕಾರಿನ ಉದ್ದವನ್ನು ಆ ಸಂಖ್ಯೆಯಿಂದ ಭಾಗಿಸಿ, ಅಷ್ಟೇ. ನಮ್ಮ ಪ್ರೀಮಿಯರ್ ಪದ್ಮಿನಿಯನ್ನೇ ತಗೊಳ್ಳಿ. ಸುಮಾರು 3.9 ಮೀಟರ್ ಉದ್ದ. 1:18ರಲ್ಲಿ ಅದು ಸುಮಾರು 22 ಸೆಂಟಿಮೀಟರ್ ಆಗುತ್ತದೆ. 1:24ರಲ್ಲಿ 16, 1:43ರಲ್ಲಿ 9, 1:64ರಲ್ಲಿ 6.

ಈಗ ನಿಮ್ಮ ಮನೆಯ ಗೋಡೆ ನೋಡಿ. ಒಂದು ಬೆಡ್‌ರೂಮಿನ ಮನೆಯಲ್ಲಿ 1:18ರ ಕಾರು ಹತ್ತು ಬಂದರೆ ಶೆಲ್ಫ್ ತುಂಬಿಹೋಗುತ್ತದೆ. ಅದೇ ಜಾಗದಲ್ಲಿ 1:64ರ ಕಾರು ನೂರರ ಹತ್ತಿರ ಕೂರುತ್ತವೆ. ಮುಂಬೈಯಲ್ಲಿ ಸಂಗ್ರಹಕಾರರು 1:64ರ ಕಡೆ ವಾಲಿದ್ದಕ್ಕೆ ಬೆಲೆ ಎಷ್ಟು ಕಾರಣವೋ ಜಾಗವೂ ಅಷ್ಟೇ ಕಾರಣ. ಕಟ್ಟುವವರಿಗೆ ಮಾತ್ರ ನನ್ನ ಸಲಹೆ 1:24. ಭಾಗಗಳು ಕೈಗೆ ಸಿಗುವಷ್ಟು ದೊಡ್ಡವು, ಪೂರ್ತಿಯಾದ ಕಾರು ಪುಸ್ತಕದ ಶೆಲ್ಫಿನಲ್ಲಿ ಕೂರುವಷ್ಟು ಚಿಕ್ಕದು. ಅಮೆರಿಕದ ಹಳೆಯ ಕಿಟ್‌ಗಳು ಹೆಚ್ಚಾಗಿ 1:25. ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಹಾಟ್ ವೀಲ್ಸ್ ಮಾಮೂಲಿ ಸಾಲಿನ ಕಾರುಗಳೆಲ್ಲ ಸರಿಯಾಗಿ 1:64 ಅಲ್ಲ. ಎಲ್ಲವೂ ಒಂದೇ ಅಳತೆಯ ಪ್ಯಾಕ್‌ನಲ್ಲಿ ಕೂರಬೇಕಲ್ಲ, ಹಾಗಾಗಿ ದೊಡ್ಡ ಗಾಡಿ ಕುಗ್ಗುತ್ತದೆ, ಚಿಕ್ಕದು ಹಿಗ್ಗುತ್ತದೆ. ಅಳತೆ ಪಕ್ಕಾ ಇರಬೇಕು ಅನ್ನುವವರು ಮಿನಿ ಜಿಟಿ, ಇನ್ನೋ64, ಟಾರ್ಮ್ಯಾಕ್ ವರ್ಕ್ಸ್ ಕಡೆ ನೋಡಬಹುದು.

ಇದು ಮಕ್ಕಳ ಆಟಿಕೆ ಅಲ್ವಾ?

ಅಲ್ಲ. ಕೆಲವು ಡಬ್ಬಿಗಳ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಅಂತಲೇ ಅಚ್ಚಾಗಿರುತ್ತದೆ. ಪುಟ್ಟ ಕನ್ನಡಿ, ಆಂಟೆನಾ, ವೈಪರ್ ಇವೆಲ್ಲ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಬಾಗಿಲಿರುವ ಕಪಾಟು ಬೇಕೇ ಬೇಕು. ಎಂಟು ಹತ್ತು ವರ್ಷದ ಮಕ್ಕಳಾದರೆ ಪಕ್ಕ ಕೂರಿಸಿಕೊಂಡು ಉಜ್ಜುವ ಕೆಲಸ ಕೊಡಿ. ಬ್ಲೇಡು ಮತ್ತು ಸ್ಪ್ರೇ ನಿಮ್ಮ ಕೈಯಲ್ಲೇ ಇರಲಿ.

ಮುಂಬೈಯಲ್ಲಿ ಎಲ್ಲಿ ಸಿಗುತ್ತೆ?

ಹೊಸ ಡೈಕಾಸ್ಟ್ ಕಾರು ಮಾಲ್‌ಗಳ ಆಟಿಕೆ ಅಂಗಡಿಯಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಆಟಿಕೆ ಅಂಗಡಿಗಳಲ್ಲಿ ಸೆಂಟಿಯಂಥ ನಮ್ಮ ದೇಶದ ಕಂಪನಿಗಳ ಪ್ಲಾಸ್ಟಿಕ್ ಗಾಡಿಗಳೂ ಸಿಗುತ್ತವೆ. ಇವನ್ನು ಕಡೆಗಣಿಸಬೇಡಿ. ಅಂಬಾಸಿಡರ್, ಆಟೋರಿಕ್ಷಾ, ಸರ್ಕಾರಿ ಬಸ್ಸು – ವಿದೇಶದ ದೊಡ್ಡ ಕಂಪನಿಗಳು ಅಪರೂಪಕ್ಕೆ ಮಾತ್ರ ಮುಟ್ಟುವ ಗಾಡಿಗಳು ಇವು. ಹಿಂದಕ್ಕೆ ಎಳೆದು ಬಿಡುವ ಆಟಿಕೆ ನಿಜ. ಆದರೆ ಬಿಚ್ಚಿ, ಉಜ್ಜಿ, ಹೊಸ ಬಣ್ಣ ಬಳಿದರೆ ಒಳ್ಳೆಯ ಮಾಡೆಲ್ ಆಗುತ್ತದೆ.

ಉಪಕರಣಕ್ಕೆ ಹಾಬಿ ಅಂಗಡಿಯೇ ಬೇಕಾಗಿಲ್ಲ. ಸಣ್ಣ ಡ್ರಿಲ್ ಬಿಟ್, ಬಿಟ್ ಸಿಕ್ಕಿಸಿ ಕೈಯಲ್ಲೇ ತಿರುಗಿಸುವ ಪಿನ್ ವೈಸ್, ಸೂಜಿ ಅರಗಳು, ಎಮೆರಿ ಪೇಪರ್ ಎಲ್ಲ ನಾಗದೇವಿ ಸ್ಟ್ರೀಟ್‌ನಲ್ಲಿವೆ. ಎಂಜಿನ್‌ನ ವಯರಿಂಗ್‌ಗೆ ಬೇಕಾದ ಕೂದಲೆಳೆಯಂಥ ತಾಮ್ರದ ತಂತಿ ಲೋಹಾರ್ ಚಾಳ್‌ನಲ್ಲಿ, ಹೆಡ್‌ಲೈಟ್ ಉರಿಸಬೇಕು ಅಂದರೆ ಚಿಕ್ಕ ಎಲ್‌ಇಡಿ ಲ್ಯಾಮಿಂಗ್ಟನ್ ರೋಡ್‌ನಲ್ಲಿ.

ಹಳೆಯ ಕಾರು ಹುಡುಕುವವರಿಗೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ, ಆ ದಿನ ಬೀದಿಯಲ್ಲೇ ಸಂತೆ ಕೂರುತ್ತದೆ. ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿ ಕಾರು ಕೈಗೆ ಬಂದ ತಕ್ಷಣ ತಿರುಗಿಸಿ ತಳ ನೋಡಿ. ತಳವನ್ನು ಮೈಗೆ ಹಿಡಿದಿಡುವ ರಿವೆಟ್ ಕೊರೆದ ಗುರುತು ಇದೆಯಾ? ಬಾಗಿಲಿನ ಸಂದಿಯಲ್ಲಿ ಬಣ್ಣ ದಪ್ಪಗೆ ತುಂಬಿಕೊಂಡಿದೆಯಾ? ಹಾಗಿದ್ದರೆ ಮತ್ತೆ ಬಣ್ಣ ಬಳಿದದ್ದು, ಹಳೆಯ ಬೆಲೆ ಕೊಡಬೇಡಿ. ತಳದಲ್ಲಿ ನಿಕ್ಕಿ ಟಾಯ್ಸ್ ಅಂತ ಇದ್ದರೆ ಮಾತ್ರ ಸುಮ್ನೆ ವಾಪಸ್ ಇಡಬೇಡಿ. ಇಂಗ್ಲೆಂಡಿನ ಡಿಂಕಿ ಕಂಪನಿ ಬಳಸಿ ಬಿಟ್ಟ ಅಚ್ಚುಗಳನ್ನು ತಂದು ಕಲ್ಕತ್ತಾದಲ್ಲಿ ಮಾಡಿದ ಕಾರುಗಳು ಅವು. ನಮ್ಮ ದೇಶದ ಡೈಕಾಸ್ಟ್ ಚರಿತ್ರೆಯ ಒಂದು ತುಂಡು.

ವಿದೇಶದಿಂದ ತರಿಸಿದರೆ ಅಗ್ಗವಾಗುತ್ತಾ?

ಸಾಮಾನ್ಯವಾಗಿ ಇಲ್ಲ. ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70 ಶೇಕಡಾಕ್ಕೆ ಏರಿತು. ಸ್ಕೇಲ್ ಮಾಡೆಲ್‌ಗಳೂ ಅದೇ ಗುಂಪಿಗೆ ಸೇರುತ್ತವೆ. ಇದರ ಮೇಲೆ ಬೇರೆ ತೆರಿಗೆ, ಕೊರಿಯರ್ ಖರ್ಚು. ಇನ್ನು 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅಂಗಡಿಗಳಲ್ಲಿ ವಿದೇಶಿ ಮಾಲು ಕಡಿಮೆಯಾಗಿ, ಇದ್ದದ್ದರ ಬೆಲೆ ಏರಿದ್ದಕ್ಕೆ ಇವೆರಡೂ ಕಾರಣ. ಹೊರಗಿನಿಂದ ಬರುವ ನೆಂಟರ ಬಳಿ ಒಂದೆರಡು ಕಿಟ್ ತರಿಸಬಹುದು. ಆದರೆ ಸ್ಪ್ರೇ ಡಬ್ಬಿ, ಥಿನ್ನರ್ ಹೇಳಬೇಡಿ. ಉರಿಯುವ ವಸ್ತು, ವಿಮಾನದಲ್ಲಿ ತರುವ ಹಾಗಿಲ್ಲ.

ಮೊದಲ ಕಿಟ್ ಯಾವುದು? ಏನೇನು ಸಾಮಾನು ಬೇಕು?

ಟಮಿಯಾದ 1:24ರ 1966ರ ಫೋಕ್ಸ್‌ವ್ಯಾಗನ್ ಬೀಟಲ್ ಅಥವಾ ಹಳೆಯ ಮಿನಿ ಕೂಪರ್. ಎರಡರಲ್ಲೂ ಭಾಗಗಳು ಚೆನ್ನಾಗಿ ಕೂರುತ್ತವೆ. ಗುಂಡಗಿನ ಮೈ ಆದ್ದರಿಂದ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಮೊದಲ ಸಲವೇ ಫೋಟೊ-ಎಚ್ ಮಾಡಿದ, ಅಂದರೆ ರಾಸಾಯನಿಕದಿಂದ ಕೊರೆದ, ಹಿತ್ತಾಳೆ ಭಾಗಗಳು, ನೂರಾರು ಸ್ಟಿಕ್ಕರ್ ಇರುವ ರೇಸ್ ಕಾರು ಬೇಡ. ಅರ್ಧಕ್ಕೆ ನಿಂತ ಕಿಟ್‌ಗಳಲ್ಲಿ ಹೆಚ್ಚಿನವು ಅಂಥವೇ.

ಸಾಮಾನು ಅಂದರೆ ಒಂದು ಒಳ್ಳೆಯ ನಿಪ್ಪರ್ (ಭಾಗ ಕತ್ತರಿಸುವ ಚಿಕ್ಕ ಇಕ್ಕಳ), ಹಾಬಿ ಚಾಕು, ಚಿಮಟ, 400ರಿಂದ 2000 ನಂಬರಿನವರೆಗಿನ ಎಮೆರಿ ಪೇಪರ್, ಮಾಸ್ಕಿಂಗ್ ಟೇಪ್, ಅಂಟು, ಮೂರ್ನಾಲ್ಕು ಬ್ರಶ್. ದುಡ್ಡು ಉಳಿಸುವುದಾದರೆ ಬೇರೆ ಕಡೆ ಉಳಿಸಿ, ನಿಪ್ಪರ್‌ನಲ್ಲಿ ಬೇಡ. ಮೊಂಡು ನಿಪ್ಪರ್ ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಹಿಸುಕುತ್ತದೆ. ಹಿಸುಕಿದ ಕಡೆ ಬಿಳಿ ಕಲೆ ಉಳಿಯುತ್ತದೆ.

ಕತ್ತರಿಸುವುದು ಎರಡು ಸಲ. ಮೊದಲು ಭಾಗದಿಂದ ದೂರಕ್ಕೆ ಒಂದು ಕತ್ತರಿ, ಆಮೇಲೆ ಉಳಿದ ಗುಬುಟನ್ನು ಚಾಕುವಿನಿಂದ ತೆಳ್ಳಗೆ ಕೆತ್ತಿ. ಕೆಲಸ ಶುರು ಮಾಡುವ ಮೊದಲು ಇಡೀ ಚೌಕಟ್ಟನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಫೆವಿಕ್ವಿಕ್ ಸಾಲದಾ? ಬೇರೆ ಅಂಟು ಯಾಕೆ?

ಫೆವಿಕ್ವಿಕ್ ಮೇಲ್ಮೈಗಳನ್ನು ಬರೀ ಹಿಡಿದಿಡುತ್ತದೆ. ಕಿಟ್‌ನ ಅಂಟು ಹಾಗಲ್ಲ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಟಮಿಯಾದ ಹಸಿರು ಮುಚ್ಚಳದ ತೆಳು ಅಂಟು ನೀರಿನಂತಿರುತ್ತದೆ. ಎರಡು ಭಾಗವನ್ನು ಜೋಡಿಸಿ ಹಿಡಿದು, ಸಂದಿಗೆ ಬ್ರಶ್ ಸೋಕಿಸಿದರೆ ಸಾಕು, ತಾನೇ ಹರಿದು ಉದ್ದಕ್ಕೂ ಹೋಗುತ್ತದೆ. ನಿಮ್ಮ ಬೆರಳು ಸಂದಿಯ ಮೇಲೆ ಇರಬಾರದು. ಇದ್ದರೆ ಅಂಟು ಬೆರಳಿನ ಕೆಳಗೂ ಹರಿದು, ಬೆರಳಚ್ಚು ಕಾರಿನ ಮೈ ಮೇಲೆ ಕಾಯಂ ಆಗಿ ಕೂರುತ್ತದೆ.

ಲೋಹ, ರೆಸಿನ್, ಹಿತ್ತಾಳೆಗೆ ಫೆವಿಕ್ವಿಕ್ ಸರಿ. ಗಾಜಿನ ಭಾಗಗಳಿಗೆ ಮಾತ್ರ ಬೇಡವೇ ಬೇಡ. ಅದರ ಆವಿಯಿಂದ ಕಿಟಕಿಗೆ ಬಿಳಿ ಮಂಜು ಹಿಡಿಯುತ್ತದೆ. ಕಿಟಕಿ, ಹೆಡ್‌ಲೈಟ್‌ಗೆಲ್ಲ ನಮ್ಮ ಬಿಳಿ ಫೆವಿಕಾಲ್ ಎಂಆರ್ ಸಾಕು. ಹಲ್ಲುಕಡ್ಡಿಯ ತುದಿಯಲ್ಲಿ ಚೂರು ಹಚ್ಚಿದರೆ ಒಣಗಿದ ಮೇಲೆ ಕಾಣುವುದೇ ಇಲ್ಲ. ಜಾಸ್ತಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಮಳೆಗಾಲದಲ್ಲಿ ಬಣ್ಣ ಹೊಡೆದರೆ ಬೆಳ್ಳಗಾಗುತ್ತೆ. ಏನು ಮಾಡೋದು?

ಮುಂಬೈಯವರೆಲ್ಲ ಕೇಳುವ ಪ್ರಶ್ನೆ ಇದು. ಬೆಂಗಳೂರಿನ ಗೆಳೆಯರಿಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ, ಮಂಗಳೂರಿನವರಿಗೆ ಆಗುತ್ತದೆ.

ಆಗುವುದು ಇಷ್ಟು. ಸ್ಪ್ರೇ ಬಣ್ಣದಲ್ಲಿರುವ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆ ಬಣ್ಣದ ಮೇಲೆ ನೀರಿನ ಹನಿಗಳು ಕೂರುತ್ತವೆ. ಅವು ಬಣ್ಣದೊಳಗೇ ಸಿಕ್ಕಿಕೊಂಡಾಗ ಹಾಲಿನ ಕೆನೆಯಂಥ ಮಬ್ಬು ಕಾಣುತ್ತದೆ. ಕಪ್ಪು, ಕಡುಗೆಂಪು ಬಣ್ಣದ ಮೇಲೆ ಇದು ಎದ್ದು ಕಾಣುತ್ತದೆ.

ಹಾಗಾಗಿ ನನ್ನ ಪಂಚಾಂಗ ಹೀಗಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಉಜ್ಜುವುದು, ಜೋಡಿಸುವುದು, ಒಳಗಿನ ಸೀಟು, ಡ್ಯಾಶ್‌ಬೋರ್ಡ್‌ಗೆ ಬ್ರಶ್‌ನಲ್ಲಿ ಅಕ್ರಿಲಿಕ್ ಬಳಿಯುವುದು. ಮೈಗೆ ಹೊಳೆಯುವ ಬಣ್ಣ ಹೊಡೆಯುವುದು ನವೆಂಬರ್‌ನಿಂದ ಫೆಬ್ರವರಿಯವರೆಗೆ. ಮಳೆಗಾಲದಲ್ಲೇ ಮುಗಿಸಬೇಕು ಅಂದರೆ ಮಳೆ ಬಿಟ್ಟ ದಿನ, ಬಿಸಿಲು ಬಂದ ಮೇಲೆ ಹೊಡೆಯಿರಿ. ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಪದರ ಪದರವಾಗಿ ಹೊಡೆಯಿರಿ. ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಶ್ ಇದ್ದರೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬೆರೆಸಬಹುದು. ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು, ಇಲ್ಲದಿದ್ದರೆ ನಡುವೆ ನೀರು ಉಗುಳುತ್ತದೆ.

ಮಬ್ಬು ಆಗಿಯೇ ಬಿಟ್ಟರೆ ಗಾಬರಿ ಬೇಡ. ಒಣ ಹವೆ ಇರುವ ದಿನ ನೋಡಿ ಅದರ ಮೇಲೆ ತೆಳ್ಳಗೆ ಮತ್ತೊಂದು ಪದರ ಕೊಟ್ಟರೆ ಕೆಳಗಿನ ಬಣ್ಣ ಸ್ವಲ್ಪ ಕರಗಿ ತೇವ ಹೊರಗೆ ಹೋಗುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಸ್ಪ್ರೇ ಡಬ್ಬಿಯನ್ನು ಮೊದಲು ಚೆನ್ನಾಗಿ ಅಲ್ಲಾಡಿಸಿ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಣ್ಣ ನುಣ್ಣಗೆ ಬರುತ್ತದೆ. ಕುದಿಯುವ ನೀರು, ಒಲೆ ಹತ್ತಿರಕ್ಕೂ ಬೇಡ, ಡಬ್ಬಿ ಸಿಡಿಯುತ್ತದೆ. ಹೊಡೆಯುವಾಗ ಕಾರಿನ ಮೈಯಿಂದ ಆಚೆ ಶುರು ಮಾಡಿ, ದಾಟಿ ಹೋಗಿ ಆಚೆಯೇ ನಿಲ್ಲಿಸಿ. ಮೈ ಮೇಲೆಯೇ ಒತ್ತಿ ನಿಲ್ಲಿಸಿದರೆ ಅಲ್ಲೇ ಸೋರುತ್ತದೆ.

ಒಂದು ರೂಮಿನ ಮನೆ. ವಾಸನೆ, ಅಕ್ಕಪಕ್ಕದವರ ದೂರು – ಹೇಗೆ ಸಂಭಾಳಿಸೋದು?

ಸೊಸೈಟಿಯ ಟೆರೇಸ್ ಸಿಗುತ್ತದೆ ಅಂದರೆ ಅದೇ ಒಳ್ಳೆಯದು. ಮೊದಲೇ ಕೇಳಿಕೊಂಡರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ದೊಡ್ಡ ರಟ್ಟಿನ ಡಬ್ಬಿಯನ್ನು ಮಗ್ಗುಲಿಗೆ ಮಲಗಿಸಿ, ಒಳಗೆ ಒದ್ದೆ ಪೇಪರ್ ಹಾಸಿ, ಅದರೊಳಗೇ ಸ್ಪ್ರೇ ಮಾಡಿ. ಧೂಳು ಒದ್ದೆ ಪೇಪರ್‌ಗೆ ಅಂಟಿಕೊಳ್ಳುತ್ತದೆ, ಬಣ್ಣ ಪಕ್ಕದವರ ಬಟ್ಟೆಗೆ ಹಾರುವುದಿಲ್ಲ. ಮುಗಿದ ಕೂಡಲೇ ಕಾರಿನ ಮೇಲೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಿ.

ಮನೆಯೊಳಗೆ ಹೊಡೆಯುವುದಾದರೆ ಕಿಟಕಿ ತೆರೆದಿರಬೇಕು, ಗ್ಯಾಸ್ ಆರಿರಬೇಕು, ದೇವರ ದೀಪ, ಊದುಬತ್ತಿ ಕೂಡ ಆರಿರಬೇಕು. ಇದನ್ನು ಮರೆಯಬೇಡಿ, ಈ ಆವಿ ಬೆಂಕಿ ಹಿಡಿಯುವಂಥದ್ದು. ಬಟ್ಟೆಯ ಮಾಸ್ಕ್‌ನಿಂದ ಏನೂ ಉಪಯೋಗವಿಲ್ಲ. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ತಗೊಳ್ಳಿ, ಇದೂ ನಾಗದೇವಿಯಲ್ಲಿ ಸಿಗುತ್ತದೆ. ಇದೆಲ್ಲ ಆಗದು ಅನ್ನುವವರಿಗೆ ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್ ಬಣ್ಣಗಳಿವೆ. ಹೊಳಪು ಸ್ವಲ್ಪ ಕಡಿಮೆ ಅನಿಸಬಹುದು. ಮನೆಯವರಿಗೆ ತಲೆನೋವು ಬರುವುದಿಲ್ಲ, ಅದು ಮುಖ್ಯ.

ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿ ಮಾಡಬೇಕು ಅಂತ ಆಸೆ. ಹೇಗೆ ಶುರು ಮಾಡಲಿ?

ದಯವಿಟ್ಟು ಮಾಡಿ. ಈ ಪುಟದಲ್ಲಿ ನನಗೆ ಬಲು ಇಷ್ಟವಾದ ಪ್ರಶ್ನೆ ಇದು.

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಕಾರು ಅದು. ಮೂಲ ಇಟಲಿಯ ಫಿಯೆಟ್ 1100, ಎಂಜಿನ್ 1089 ಸಿಸಿ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಮುಗಿಯುವಾಗ ಪದ್ಮಿನಿ ಟ್ಯಾಕ್ಸಿಯೂ ಮುಗಿಯಿತು. ನಮ್ಮ ಎಷ್ಟೋ ಮಂದಿ ಊರಿಂದ ಬಂದ ದಿನ ಟ್ರಂಕು, ಹಾಸಿಗೆ ಸಮೇತ ಹತ್ತಿದ್ದು ಇದನ್ನೇ. ಈಗ ರಸ್ತೆಯಲ್ಲಿ ನೋಡಿ ಅಳತೆ ತೆಗೆಯೋಣ ಅಂದರೆ ಸಿಗುವುದಿಲ್ಲ. ಮನೆಯ ಹಳೆಯ ಆಲ್ಬಮ್‌ಗಳನ್ನು ಹುಡುಕಿ. ಮದುವೆ, ಮುಂಜಿಯ ಫೋಟೊಗಳಲ್ಲಿ ಹಿಂದೆ ಎಲ್ಲೋ ಒಂದು ಟ್ಯಾಕ್ಸಿ ನಿಂತಿರುತ್ತದೆ.

ಮೊದಲು ನಿರ್ಧರಿಸಬೇಕಾದದ್ದು ಯಾವ ಕಾಲದ ಟ್ಯಾಕ್ಸಿ ಅನ್ನುವುದು. ಎಲ್ಲ ಅದರ ಮೇಲೇ ನಿಂತಿದೆ. 1985ರದ್ದಾದರೆ ಬಾನೆಟ್ ಪಕ್ಕ, ಎಡಗಡೆ ಹೊರಗೆ ಯಾಂತ್ರಿಕ ಮೀಟರ್ ಬೇಕು. ನಂಬರ್ ಪ್ಲೇಟ್ ಎಂಎಚ್ ಅಂತ ಇರಬಾರದು, ಆ ಪದ್ಧತಿಯ ನಂಬರ್ ಬಂದದ್ದು 1990ರ ಸುಮಾರಿಗೆ. 2008ರದ್ದಾದರೆ ಎಂಎಚ್-01 ಸರಿ. ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ. ಆ ಹೊತ್ತಿಗೆ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾಗಿದ್ದವು. ಡಿಕ್ಕಿಯಲ್ಲಿ ಸಿಲಿಂಡರ್ ಕೂತಮೇಲೆ ಸೂಟ್‌ಕೇಸ್‌ಗಳಿಗೆ ಮೇಲಿನ ಕ್ಯಾರಿಯರ್ರೇ ಗತಿ. ಮಾಡೆಲ್ ಮೇಲೆ ಕ್ಯಾರಿಯರ್, ಅದರ ಮೇಲೆ ಹಗ್ಗ ಬಿಗಿದ ಒಂದು ಸೂಟ್‌ಕೇಸ್ ಇಟ್ಟರೆ ಇಡೀ ಕಾಲವೇ ಕಣ್ಣಿಗೆ ಬರುತ್ತದೆ.

ಮೈಗೆ ಮೂರು ದಾರಿ. ಪದ್ಮಿನಿಯ ಅಥವಾ ಫಿಯೆಟ್ 1100ರ ಸಿದ್ಧ ಡೈಕಾಸ್ಟ್ ಸಿಕ್ಕರೆ ಅದನ್ನೇ ಬಿಚ್ಚಿ ಬದಲಾಯಿಸಬಹುದು. ಇಲ್ಲವೇ ರೆಸಿನ್ 3ಡಿ ಪ್ರಿಂಟರ್ ಇರುವವರಿಂದ ಮೈ ಮಾಡಿಸಿಕೊಳ್ಳಬಹುದು. ಪ್ರಿಂಟ್ ಆದ ಮೈ ಮೇಲೆ ಸಣ್ಣ ಗೆರೆಗಳಿರುತ್ತವೆ. ಪ್ರೈಮರ್ ಹೊಡೆದು, ಒದ್ದೆ ಎಮೆರಿಯಿಂದ ಉಜ್ಜಿ, ಮತ್ತೆ ಪ್ರೈಮರ್ – ಗೆರೆ ಹೋಗುವ ತನಕ. ಮೂರನೆಯದು ಪ್ಲಾಸ್ಟಿಕ್ ಶೀಟಿನಿಂದ ಪೂರ್ತಿ ಕೈಯಲ್ಲೇ ಕಟ್ಟುವುದು. ಅನುಭವ ಆದ ಮೇಲೆ ಅದಕ್ಕೆ ಕೈ ಹಾಕಿ.

ಬಣ್ಣದ ಕ್ರಮ ಮುಖ್ಯ. ಮೊದಲು ಹಳದಿ, ಆಮೇಲೆ ಕಪ್ಪು. ಕಪ್ಪಿನ ಮೇಲೆ ಹಳದಿ ಬಳಿದರೆ ಎಷ್ಟು ಪದರ ಕೊಟ್ಟರೂ ಕೊಳಕಾಗಿಯೇ ಕಾಣುತ್ತದೆ. ಮೇಲ್ಛಾವಣಿಗೆ ಬಿಳಿ ಪ್ರೈಮರ್, ಅದರ ಮೇಲೆ ಹಳದಿ. ಚೆನ್ನಾಗಿ ಒಣಗಿದ ಮೇಲೆ ಟೇಪ್ ಹಾಕಿ. ಟೇಪಿನ ಅಂಚಿಗೆ ಇನ್ನೊಂದು ತೆಳು ಪದರ ಹಳದಿಯನ್ನೇ ಹೊಡೆದು ಅಂಚನ್ನು ಮುಚ್ಚಿ, ಆಮೇಲೆ ಕಪ್ಪು ಹೊಡೆಯಿರಿ. ಹೀಗೆ ಮಾಡಿದರೆ ಕಪ್ಪು ಟೇಪಿನಡಿ ನುಸುಳುವುದಿಲ್ಲ. ಹಳದಿ ಮತ್ತು ಕಪ್ಪು ಸೇರುವ ಗೆರೆ ನೇರ ಬಂದರೆ ಮಾಡೆಲ್ ಅರ್ಧ ಗೆದ್ದ ಹಾಗೆ.

ಕಿಟಕಿಯ ಸುತ್ತಿನ ಕ್ರೋಮ್ ಗೆರೆಗೆ ಬೇರ್-ಮೆಟಲ್ ಫಾಯಿಲ್ ಅನ್ನುವ ತೆಳು ಹಾಳೆ ಇದೆ. ಅಂಟಿಸಿ, ಹಲ್ಲುಕಡ್ಡಿಯಿಂದ ತಿಕ್ಕಿ, ಹೊಸ ಬ್ಲೇಡಿನಿಂದ ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯಬೇಕು. ಬಂಪರ್‌ಗೆ ಕ್ರೋಮ್ ಪೆನ್ ಸಾಕು. ಒಂದು ಮಾತು: ಆಗಷ್ಟೇ ಶೋರೂಮಿನಿಂದ ಬಂದ ಹಾಗೆ ಹೊಳೆಯುವ ಕ್ರೋಮ್ ಟ್ಯಾಕ್ಸಿಗೆ ಒಪ್ಪುವುದಿಲ್ಲ. ಮೇಲೆ ತೆಳ್ಳಗೆ ಬೂದು ಬಣ್ಣದ ನೀರು ಹರಿಸಿ ಒರೆಸಿ.

ಒಳಗೆ ಮುಂದಿನ ಸೀಟು ಒಂದೇ ಉದ್ದ ಬೆಂಚು. ಗೇರ್ ಕಡ್ಡಿ ನೆಲದಲ್ಲಿಲ್ಲ, ಸ್ಟಿಯರಿಂಗ್ ಪಕ್ಕದಲ್ಲಿದೆ. ಒಳಗಿನ ಸೂರಿಗೆ ಹೂವಿನ ಚಿತ್ತಾರದ ರೆಕ್ಸಿನ್ ಹಾಕಿಸುವ ಚಾಲಕರು ತುಂಬಾ ಇದ್ದರು. ಒಂದು ಚಿತ್ತಾರವನ್ನು ತೆಳು ಪೇಪರ್ ಮೇಲೆ ಚಿಕ್ಕದಾಗಿ ಪ್ರಿಂಟ್ ಮಾಡಿ ಒಳಗೆ ಅಂಟಿಸಬಹುದು. ಡ್ಯಾಶ್‌ಬೋರ್ಡ್ ಮೇಲೆ ಒಂದು ಗಣಪತಿ. ಮುಂದಿನ ಬಂಪರಿನ ಕೆಳಗೆ ನಿಂಬೆ-ಮೆಣಸಿನಕಾಯಿ: ತೆಳು ತಂತಿಗೆ ಹಳದಿ ಬಣ್ಣದ ಅಂಟಿನ ಹನಿ, ಹಸಿರು ಬಳಿದ ನೈಲಾನ್ ದಾರದ ತುಣುಕುಗಳು. ಇವೆಲ್ಲ ಆದ ಮೇಲೆ ಚಕ್ರದ ಕಮಾನು, ಬಾಗಿಲಿನ ಕೆಳಭಾಗಕ್ಕೆ ಡ್ರಾಯಿಂಗ್ ಚಾಕ್ ಕೆರೆದ ಕಂದು ಪುಡಿಯನ್ನು ಮೆತ್ತನೆಯ ಬ್ರಶ್‌ನಲ್ಲಿ ಹಚ್ಚಿ. ಸೈಲೆನ್ಸರ್ ಬಾಯಿಗೆ ಕಪ್ಪು ಪುಡಿ. ಕಡಿಮೆಯೇ ಇರಲಿ. ಚಾಲಕ ದಿನಾ ಬೆಳಿಗ್ಗೆ ಒರೆಸುತ್ತಿದ್ದ ಗಾಡಿ ಅದು, ಗುಜರಿಯಲ್ಲಿ ಬಿದ್ದದ್ದಲ್ಲ.

ಹಳೆಯ ಡೈಕಾಸ್ಟ್‌ಗೆ ಹೊಸ ಬಣ್ಣ ಬಳಿಯಬಹುದಾ?

ಬಣ್ಣ ಹೋಗಿ, ಚಕ್ರ ಮುರಿದು, ಮಕ್ಕಳ ಕೈಯಲ್ಲಿ ಜಜ್ಜಿದ ಕಾರಾದರೆ ಖಂಡಿತ ಬಳಿಯಬಹುದು. ಅಪರೂಪದ್ದು, ಮೂಲ ಬಣ್ಣ ಅರ್ಧವಾದರೂ ಉಳಿದದ್ದಾದರೆ ಮುಟ್ಟಬೇಡಿ. ಒರೆಸಿ ಹಾಗೇ ಇಡಿ. ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು.

ತಳದ ರಿವೆಟ್‌ನ ತಲೆಯನ್ನಷ್ಟೇ ಡ್ರಿಲ್‌ನಿಂದ ನಿಧಾನ ಕೊರೆಯಿರಿ, ತಳ ಬಿಟ್ಟುಕೊಳ್ಳುತ್ತದೆ. ಮತ್ತೆ ಜೋಡಿಸಲು ಕಂಬದಲ್ಲಿ ಸಣ್ಣ ತೂತು ಮಾಡಿ ಚಿಕ್ಕ ಸ್ಕ್ರೂ ಹಾಕಬಹುದು. ಬಣ್ಣ ತೆಗೆಯಲು ಪೇಂಟ್ ರಿಮೂವರ್ ಬಳಸಿ, ಗ್ಲವ್ಸ್ ಹಾಕಿಕೊಂಡು, ಹೊರಗಡೆ. ಕಾಸ್ಟಿಕ್ ಸೋಡಾ ಬೇಡ, ಅದು ಸತು ಮತ್ತು ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಕಿಟ್‌ಗೆ ರಿಮೂವರ್ ತಾಗಿಸಲೇಬೇಡಿ, ಕರಗಿಹೋಗುತ್ತದೆ. ಕಿಟ್‌ನ ಕ್ರೋಮ್ ಭಾಗಗಳ ಹೊಳಪು ತೆಗೆಯಬೇಕಾದರೆ ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಅದ್ದಿಟ್ಟರೆ ಸಾಕು.

ಮುಟ್ಟದೇ ಇದ್ದರೂ ಹಳೆಯ ಕಾರು ಬಿರುಕು ಬಿಟ್ಟಿದೆ. ಯಾಕೆ?

ಜಿಂಕ್ ಪೆಸ್ಟ್ ಅನ್ನುತ್ತಾರೆ. ಎರಕ ಹೊಯ್ಯುವಾಗ ಸತುವಿನ ಜೊತೆ ಸೀಸದ ಅಂಶ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಕಾರುಗಳಲ್ಲಿ ಜಾಸ್ತಿ. ಇದಕ್ಕೆ ಮದ್ದಿಲ್ಲ. ತೇವ, ಬಿಸಿ ಕಡಿಮೆ ಇರುವ ಕಡೆ ಇಟ್ಟರೆ ನಿಧಾನವಾಗುತ್ತದೆ ಅಷ್ಟೇ. ಪಕ್ಕದ ಕಾರಿಗೆ ಅಂಟುವ ರೋಗ ಅಲ್ಲ, ಆ ಭಯ ಬೇಡ.

ಟೈರ್ ಅಂಟಂಟಾಗಿ ಶೆಲ್ಫಿಗೆ ಹಿಡಿದುಕೊಳ್ಳುವುದು ಬೇರೆ ಸಮಸ್ಯೆ. ಮೆತ್ತನೆಯ ಟೈರಿನಲ್ಲಿರುವ ಎಣ್ಣೆಯಂಥ ಪದಾರ್ಥ ಹೊರಗೆ ಬಂದು ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಬಹಳ ದಿನ ಒಂದೇ ಕಡೆ ನಿಲ್ಲುವ ಕಾರಾದರೆ ತಳಕ್ಕೆ ಚಿಕ್ಕ ಆಧಾರ ಕೊಟ್ಟು ಚಕ್ರ ಕೂದಲೆಳೆಯಷ್ಟು ಮೇಲೆ ಇರುವಂತೆ ಮಾಡಿ.

ಧೂಳು, ತೇವ, ಬಿಸಿಲು – ಹೇಗೆ ಕಾಪಾಡೋದು?

ಬಾಗಿಲಿರುವ ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣ ಬದಲಾಯಿಸುತ್ತಿರಿ. ಸಮುದ್ರದ ಕಡೆಯ ಕಿಟಕಿ ಎದುರು ಇಡಬೇಡಿ. ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಚಕ್ರದ ಅಚ್ಚು. ನೇರ ಬಿಸಿಲು ಬಿದ್ದರೆ ಕೆಂಪು ಮಾಸುತ್ತದೆ, ಡಿಕಾಲ್ (ಮೈ ಮೇಲಿನ ತೆಳು ಸ್ಟಿಕ್ಕರ್) ಹಳದಿಯಾಗುತ್ತದೆ. ಒರೆಸಲು ಮೇಕಪ್ ಬ್ರಶ್ ಒಳ್ಳೆಯದು. ಕೆಲಸದವರಿಗೆ ಒರೆಸಲು ಹೇಳಬೇಡಿ. ವೈಪರ್, ಕನ್ನಡಿ ಮುರಿದರೆ ಅವರಿಗೂ ಬೇಜಾರು, ನಿಮಗೂ ಬೇಜಾರು.

ಟ್ರೆಷರ್ ಹಂಟ್ ಅಂದರೆ ಏನು? ಪ್ಯಾಕ್ ಒಡೆಯಬಾರದಾ?

ಹಾಟ್ ವೀಲ್ಸ್ 1995ರಿಂದ ಕೆಲವು ಕಾರುಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಡುತ್ತಿದೆ. ಮಾಮೂಲಿ ಟ್ರೆಷರ್ ಹಂಟ್ ಕಾರಿನ ಮೇಲೆ ವೃತ್ತದೊಳಗೆ ಜ್ವಾಲೆಯ ಗುರುತು ಇರುತ್ತದೆ. ಸೂಪರ್ ಅನ್ನುವುದರಲ್ಲಿ ಟಿಎಚ್ ಅಕ್ಷರ, ಹೊಳೆಯುವ ಸ್ಪೆಕ್ಟ್ರಾಫ್ಲೇಮ್ ಬಣ್ಣ, ರಬ್ಬರ್ ಟೈರ್ ಇರುತ್ತವೆ. ಅಂಗಡಿಗೆ ಬಂದ ದಿನವೇ ಯಾರೋ ಎತ್ತಿಕೊಂಡು ಹೋಗಿರುತ್ತಾರೆ, ಆಮೇಲೆ ಎಷ್ಟೋ ಪಟ್ಟು ಬೆಲೆಗೆ ಮಾರುತ್ತಾರೆ. ಆ ಬೆಲೆ ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂರರ ಆಸುಪಾಸಿನ ಕಾರಿಗೆ ಸಾವಿರಾರು ಕೊಡುವ ಬದಲು ಆ ದುಡ್ಡಲ್ಲಿ ಒಂದು ಒಳ್ಳೆಯ ಕಿಟ್ ಬರುತ್ತದೆ.

ಪ್ಯಾಕ್ ಒಡೆಯುವುದು ಬಿಡುವುದು ನಿಮ್ಮಿಷ್ಟ. ಮಾರುವ ಯೋಚನೆ ಇದ್ದರೆ ಒಡೆಯಬೇಡಿ. ನಾನು ಒಡೆಯುವ ಪಕ್ಷ. ತಿರುಗಿಸಿ ನೋಡಲಾಗದ ಕಾರಿನಿಂದ ಕಲಿಯುವುದು ಕಡಿಮೆ.

ಮುಂದೆ ಬೆಲೆ ಬರುತ್ತಾ?

ಕೆಲವಕ್ಕೆ ಬರುತ್ತದೆ, ಹೆಚ್ಚಿನವಕ್ಕೆ ಬರುವುದಿಲ್ಲ. ಬೆಲೆಗಾಗಿ ಅಂದರೆ ಬ್ಯಾಂಕಿನಲ್ಲಿ 'ಎಫ್‌ಡಿ' ಇಡಿ. ಡಬ್ಬಿ, ಒಳಗಿನ ಚೀಟಿ ಎಲ್ಲ ಮಾತ್ರ ಎತ್ತಿಡಿ, ಮಾರುವಾಗ ಕೇಳುವುದು ಅದನ್ನೇ.

ರಜೆಯಲ್ಲಿ ಊರಿಗೆ ಮಾಡೆಲ್ ತಗೊಂಡು ಹೋಗಬೇಕು. ರೈಲಲ್ಲಿ ಹೇಗೆ?

ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ಅಲುಗಾಡುವ ಪ್ರಯಾಣಕ್ಕೆ ಕಾರನ್ನು ತಳಕ್ಕೆ ಬಿಗಿಯಬೇಕು. ಗಟ್ಟಿ ರಟ್ಟಿನ ತುಂಡಿನ ಮೇಲೆ ಕಾರಿಟ್ಟು, ಚಕ್ರದ ಅಚ್ಚುಗಳ ಮೇಲಿಂದ ದಾರ ಹಾಯಿಸಿ ಕಟ್ಟಿ. ಮೈ ಮೇಲೆ ಗಟ್ಟಿಯಾದದ್ದೇನೂ ತಾಗಬಾರದು. ಬಬಲ್ ರ‍್ಯಾಪ್ ನೇರ ಸುತ್ತಿದರೆ ಹೊಸ ಬಣ್ಣದ ಮೇಲೆ ಗುಳ್ಳೆಯ ಅಚ್ಚು ಬೀಳುತ್ತದೆ. ಮೊದಲು ಟಿಶ್ಯೂ, ಹೊರಗಡೆ ಡಬ್ಬಿ, ಡಬ್ಬಿಯ ಸುತ್ತ ಬಬಲ್ ರ‍್ಯಾಪ್. ಸೀಟಿನಡಿ ಬೇಡ, ಯಾರಾದರೂ ಬ್ಯಾಗು ನೂಕುತ್ತಾರೆ. ಮೇಲಿನ ಬರ್ತ್ ಸಿಕ್ಕರೆ ತಲೆಯ ಪಕ್ಕ ಇಟ್ಟುಕೊಳ್ಳಿ. ಸ್ಪ್ರೇ ಡಬ್ಬಿ, ಥಿನ್ನರ್ ರೈಲಿನಲ್ಲೂ ತರುವ ಹಾಗಿಲ್ಲ.

ಟ್ಯಾಕ್ಸಿ ಪಕ್ಕ ಬೆಸ್ಟ್ (ಮುಂಬೈ ನಗರ ಸಾರಿಗೆ) ಡಬಲ್ ಡೆಕರ್ ಬಸ್ಸು ನಿಲ್ಲಿಸಬೇಕು. ಸ್ಕೇಲ್ ಹೊಂದುತ್ತಾ?

ಬಸ್ ಮಾಡೆಲ್‌ಗಳು ಹೆಚ್ಚಾಗಿ 1:76ರಲ್ಲಿ ಬರುತ್ತವೆ, ಬ್ರಿಟಿಷ್ ರೈಲು ಮಾಡೆಲ್‌ಗಳ ಅಳತೆ ಅದು. 1:64ರ ಟ್ಯಾಕ್ಸಿಯನ್ನು ಪಕ್ಕಕ್ಕೇ ಇಟ್ಟರೆ ಟ್ಯಾಕ್ಸಿ ಕೊಬ್ಬಿದ ಹಾಗೆ ಕಾಣುತ್ತದೆ. ಟ್ಯಾಕ್ಸಿಯನ್ನು ಮುಂದೆ, ಬಸ್ಸನ್ನು ಒಂದಿಷ್ಟು ಹಿಂದೆ ನಿಲ್ಲಿಸಿದರೆ ಕಣ್ಣು ಒಪ್ಪುತ್ತದೆ. ದೂರದ್ದು ಚಿಕ್ಕದಾಗಿ ಕಾಣುವುದು ಸಹಜ ತಾನೇ. ಲಂಡನ್ ಬಸ್ಸಿನ ಮಾಡೆಲ್‌ಗೆ ಬರೀ ಬೆಸ್ಟ್ ಅಂತ ಬರೆದು ತೃಪ್ತಿಪಡಬೇಡಿ, ಮುಖ, ಕಿಟಕಿಯ ಸಾಲು ಎಲ್ಲ ಬೇರೆ. ನಮ್ಮಲ್ಲಿ ಡಬಲ್ ಡೆಕರ್ ಓಡಲು ಶುರುವಾದದ್ದು 1937ರಲ್ಲಿ, ಡೀಸೆಲ್‌ನ ಕೊನೆಯ ಬಸ್ಸು ಓಡಿದ್ದು 2023ರ ಸೆಪ್ಟೆಂಬರ್ 15ರಂದು. ಈ ನಡುವೆ ಬಸ್ಸಿನ ರೂಪ ಎಷ್ಟೋ ಸಲ ಬದಲಾಗಿದೆ. ನಿಮ್ಮ ಟ್ಯಾಕ್ಸಿ 2008ರದ್ದಾದರೆ ಬಸ್ಸೂ 2008ರದ್ದೇ ಇರಲಿ. ಆ ವರ್ಷದ ಫೋಟೊ ಕೈಯಲ್ಲಿ ಇಟ್ಟುಕೊಂಡೇ ಕಟ್ಟಲು ಕೂತುಕೊಳ್ಳಿ.